ಕೊರಿಯನ್ ಕತ್ತರಿಗೆ ತಲೆಯೊಡ್ಡಿ...

ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಓದಲು ಹೋದ ತುಮಕೂರಿನ ಹುಡುಗಿಯೊಬ್ಬಳು ಮೊದಲ ಎಂಟು ತಿಂಗಳು ಕತ್ತರಿಯ ಹತ್ತಿರ ಸುಳಿಯಲಿಲ್ಲ. ಕಾರಣ ಸರಳ. ಡಾಲರನ್ನು ರೂಪಾಯಿಗೆ ಗುಣಿಸಿ ನೋಡುವ ಚಟ ಇನ್ನೂ ಬಿಟ್ಟಿರಲಿಲ್ಲ. ಕೂದಲಿನ ತುದಿ ಸವರಲು 40 ಡಾಲರ್ ಎಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅದೇ ಕಟ್ಟಡದಲ್ಲಿದ್ದ ಆಂಧ್ರ, ತಮಿಳುನಾಡಿನ ಹುಡುಗರು ಚಂದಾ ಎತ್ತಿ ಒಂದು ಮಿಷನ್ ಕೊಂಡಿದ್ದರು. ಭಾನುವಾರ ಬಚ್ಚಲುಮನೆಯಲ್ಲಿ ಒಬ್ಬರ ತಲೆಯನ್ನು ಒಬ್ಬರು ಕೆಡಿಸಿಕೊಳ್ಳುತ್ತಿದ್ದರು. ಹುಡುಗಿಯರಿಗೆ ಆ ಸೌಲಭ್ಯವೂ ಇಲ್ಲ.

ಇವಳದು ಸೊಂಟ ಮುಟ್ಟುವ ಗುಂಗುರು ಕೂದಲು. ಊರಿನಲ್ಲಿದ್ದಾಗ ಅದನ್ನು ನೋಡಿಕೊಳ್ಳುತ್ತಿದ್ದವರು ಅಮ್ಮ. ವಾರಕ್ಕೊಮ್ಮೆ ಎಣ್ಣೆ, ಸೀಗೆಪುಡಿ, ತಿಂಗಳಿಗೊಮ್ಮೆ ಮೆಹಂದಿ, ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಬಿಗಿಯಾಗಿ ಹೆಣೆದ ಒಂಟಿ ಜಡೆ. ಪರದೇಶದಲ್ಲಿ ಒಬ್ಬಳೇ ನಿಂತು ಆ ಕೂದಲನ್ನು ತೊಳೆದು, ಒಣಗಿಸಿ, ಸಿಕ್ಕು ಬಿಡಿಸಿ ಎಂಟು ಗಂಟೆಯ ತರಗತಿಗೆ ಓಡುವುದೆಂದರೆ ದಿನಕ್ಕೊಂದು ಪರೀಕ್ಷೆ. ಕೊನೆಗೆ ಅವಳು ನಿರ್ಧರಿಸಿದಳು: ಇದನ್ನು ನೆಟ್ಟಗೆ ಮಾಡಿಸಿಬಿಡಬೇಕು. ಲಾಕ್‌ಡೌನ್ ಕಾಲದಿಂದ ಕೊರಿಯನ್ ಧಾರಾವಾಹಿಗಳನ್ನು ನೋಡಿದವಳಿಗೆ ಎಲ್ಲಿ ಮಾಡಿಸಬೇಕೆಂಬುದರಲ್ಲಿ ಅನುಮಾನವಿರಲಿಲ್ಲ. ಗ್ರಂಥಾಲಯದಲ್ಲಿ ಗಂಟೆಗಿಷ್ಟು ಎಂದು ದುಡಿದು 200 ಡಾಲರ್ ಕೂಡಿಟ್ಟಳು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅಮ್ಮ ಫೋನಿನಲ್ಲಿ ಹೇಳಿದ್ದೂ ಆಯಿತು.

ವಿಶ್ವವಿದ್ಯಾಲಯದ ಪಕ್ಕದಲ್ಲೇ ಹಾದುಹೋಗುವ ವರ್ಮಾಂಟ್ ಅವೆನ್ಯೂದಲ್ಲಿ ಬಸ್ಸು ಹತ್ತಿ ಉತ್ತರಕ್ಕೆ ನಾಲ್ಕೈದು ಕಿಲೋಮೀಟರ್ ಹೋದರೆ ಕೊರಿಯಾಟೌನ್. ಬೀದಿಯ ಹೆಸರು ಬದಲಾಗುವುದಿಲ್ಲ, ಫಲಕಗಳ ಲಿಪಿ ಬದಲಾಗುತ್ತದೆ. ಬ್ಯಾಂಕು, ದಂತವೈದ್ಯರು, ಚರ್ಚು, ಮಾಂಸದ ಹೋಟೆಲು, ಟ್ಯೂಷನ್ ಕೇಂದ್ರ, ಎಲ್ಲದರ ಮೇಲೂ ಹಂಗುಲ್ ಅಕ್ಷರಗಳು. ಹೆಸರು ಕೊರಿಯಾದ್ದಾದರೂ ಈ ಬಡಾವಣೆಯಲ್ಲಿ ವಾಸವಾಗಿರುವವರಲ್ಲಿ ಸ್ಪ್ಯಾನಿಷ್ ಮಾತನಾಡುವವರೇ ಹೆಚ್ಚು. ನಡುವೆ ಮೂರನೇ ಬೀದಿಯ ಒಂದು ತುಂಡಿಗೆ 2010ರಲ್ಲಿ 'ಲಿಟಲ್ ಬಾಂಗ್ಲಾದೇಶ' ಎಂಬ ಅಧಿಕೃತ ಹೆಸರೂ ಬಂದಿದೆ. ಬಿರಿಯಾನಿ ಬೇಕಾದವರು ಅಲ್ಲಿಗೆ ಹೋಗುತ್ತಾರೆ.

ಕೊರಿಯನ್ನರು ಇಲ್ಲಿ ನೆಲೆಯಾದದ್ದಕ್ಕೂ ನಮ್ಮವರು ಅಮೆರಿಕಕ್ಕೆ ಗುಂಪುಗುಂಪಾಗಿ ಹೋದದ್ದಕ್ಕೂ ಕಾರಣ ಒಂದೇ ಕಾನೂನು. ಏಷ್ಯಾದವರಿಗೆ ಬಹುಮಟ್ಟಿಗೆ ಮುಚ್ಚಿದ್ದ ವಲಸೆಯ ಬಾಗಿಲನ್ನು ಅಮೆರಿಕ 1965ರಲ್ಲಿ ತೆರೆಯಿತು. ನಮ್ಮಿಂದ ವೈದ್ಯರು, ಎಂಜಿನಿಯರುಗಳು ಹೋದರು. ಕೊರಿಯಾದಿಂದಲೂ ಓದಿದವರು ಹೋದರು. ಆದರೆ ಇಂಗ್ಲಿಷ್ ತೊಡಕಾಗಿ ಪದವಿಗೆ ತಕ್ಕ ಕೆಲಸ ಸಿಗದೆ ಅನೇಕರು ಅಂಗಡಿ ಇಟ್ಟರು. ದಿನಸಿ ಅಂಗಡಿ, ಬಟ್ಟೆ ಒಗೆಯುವ ಅಂಗಡಿ, ಟೋಪನ್ ಅಂಗಡಿ, ಕೇಶಾಲಂಕಾರದ ಅಂಗಡಿ. 1992ರ ಏಪ್ರಿಲ್ 29ರಂದು ರಾಡ್ನಿ ಕಿಂಗ್ ಪ್ರಕರಣದ ತೀರ್ಪಿನ ಬೆನ್ನಿಗೆ ನಗರ ಹೊತ್ತಿ ಉರಿದಾಗ ಕೊರಿಯನ್ನರ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳು ಹಾನಿಗೊಳಗಾದವು. ಆ ದಿನವನ್ನು ಅವರು ಇಂದಿಗೂ 'ಸಾ-ಇ-ಗು' ಎಂದೇ ಕರೆಯುತ್ತಾರೆ. ನಾಲ್ಕು-ಎರಡು-ಒಂಬತ್ತು, ಅಂದರೆ ತಾರೀಖು, ಅಷ್ಟೇ.

ಹುಡುಗಿ ಹುಡುಕುತ್ತಿದ್ದ ಫಲಕದ ಮೇಲೆ ಮೂರು ಅಕ್ಷರಗುಚ್ಛಗಳಿದ್ದವು: ಮಿ-ಯೊಂಗ್-ಶಿಲ್. ಮಿ ಎಂದರೆ ಸೌಂದರ್ಯ, ಯೊಂಗ್ ಎಂದರೆ ರೂಪ, ಶಿಲ್ ಎಂದರೆ ಕೋಣೆ. ಹಂಗುಲ್ ಓದುವುದು ಕನ್ನಡದವರಿಗೆ ಅಂಥ ಕಷ್ಟವಲ್ಲ. ದೊರೆ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಈ ಲಿಪಿಯಲ್ಲಿ ಇಂದು ಮೂಲಾಕ್ಷರಗಳು 24 ಮಾತ್ರ. ವ್ಯಂಜನಕ್ಕೆ ಸ್ವರವನ್ನೂ, ಕೆಳಗೆ ಇನ್ನೊಂದು ವ್ಯಂಜನವನ್ನೂ ಸೇರಿಸಿ ಒಂದೇ ಚೌಕದಲ್ಲಿ ಕೂರಿಸುತ್ತಾರೆ. ಕಾಗುಣಿತ, ಒತ್ತಕ್ಷರ ಕಲಿತ ತಲೆಗೆ ಇದು ಹೊಸದೇನಲ್ಲ.

ಬಾಗಿಲು ತಳ್ಳಿದ ಕೂಡಲೇ ಒಳಗಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಡದೆ ಒಕ್ಕೊರಲಿನಿಂದ "ಅಸೊ ಒಸೆಯೊ" ಎಂದರು. ಬನ್ನಿ ಬನ್ನಿ ಎಂದರ್ಥ. ಚೀಲವನ್ನು ಪುಟ್ಟ ಬೀರುವಿನಲ್ಲಿಟ್ಟು ಕೀಲಿಕೈ ಕೊಟ್ಟರು. ತೋಳಿರುವ ನಿಲುವಂಗಿ ತೊಡಿಸಿದರು. ಕುರ್ಚಿಯಲ್ಲಿ ಕುಳಿತ ಮೇಲೆ ಕೈ ಊರಲು ತೊಡೆಯ ಮೇಲೊಂದು ದಿಂಬು, ಕುಡಿಯಲು ಹುರಿದ ಬಾರ್ಲಿಯ ಚಹಾ. ಕತ್ತರಿ ಇನ್ನೂ ಕಣ್ಣಿಗೇ ಬಿದ್ದಿಲ್ಲ.

ಅವಳು ಗಮನಿಸಿದ್ದು ಮತ್ತೊಂದು ಸಂಗತಿ. ಪಕ್ಕದ ಕುರ್ಚಿಯಲ್ಲಿದ್ದ ಕೊರಿಯನ್ ಹೆಂಗಸು, ವಯಸ್ಸಿನಲ್ಲಿ ಹಿರಿಯಳು, ತನ್ನ ಕೂದಲು ಕತ್ತರಿಸುತ್ತಿದ್ದವಳನ್ನು "ಸನ್‌ಸೆಂಗ್‌ನಿಮ್" ಎಂದು ಕರೆಯುತ್ತಿದ್ದಳು. ಧಾರಾವಾಹಿಗಳಲ್ಲಿ ಮಕ್ಕಳು ಶಾಲೆಯ ಉಪಾಧ್ಯಾಯರನ್ನು ಕರೆಯುವ ಶಬ್ದವೇ ಅದು. ಅಂಗಡಿಯ ಒಡತಿಗೆ "ವೊನ್‌ಜಾಂಗ್‌ನಿಮ್". ಸಂಸ್ಥೆಯ ಮುಖ್ಯಸ್ಥರಿಗೆ ಸಲ್ಲುವ ಗೌರವದ ಪದ. ತಲೆಗೂದಲನ್ನು ಮುಟ್ಟಿ ಕೆಲಸ ಮಾಡುವವರನ್ನು ಏಕವಚನದಲ್ಲೇ ಕರೆದು ರೂಢಿಯಾದ, ಆ ಕಸುಬಿನ ಹೆಸರನ್ನೇ ಬೈಗುಳವಾಗಿ ಬಳಸಿದ ಊರುಗಳಿಂದ ಹೋದವರಿಗೆ ಇದು ಸ್ವಲ್ಪ ಮುಜುಗರ ತರಿಸಬೇಕಾದ ವಿಷಯವೇ.

ಆ ಗೌರವ ಪುಕ್ಕಟೆ ಬಂದದ್ದೇನಲ್ಲ. ಕೊರಿಯಾದಲ್ಲಿ ಈ ಕಸುಬು ಮಾಡಲು ಸರ್ಕಾರಿ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕು. ಅದು ಸಿಕ್ಕಿದ ಮೇಲೂ ಹೊಸಬರು ಕೆಲವು ವರ್ಷ ನೆಲ ಗುಡಿಸಿ, ಟವೆಲ್ ಮಡಚಿ, ಗಿರಾಕಿಗಳ ತಲೆ ತೊಳೆದು ಸಹಾಯಕರಾಗಿಯೇ ಕಳೆಯುತ್ತಾರೆ. ಅಮೆರಿಕಕ್ಕೆ ಬಂದರೆ ಮತ್ತೆ ಮೊದಲಿನಿಂದ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಪರವಾನಗಿ. ಕ್ಯಾಲಿಫೋರ್ನಿಯಾ ಹಿಂದೆ 1,600 ಗಂಟೆಗಳ ತರಬೇತಿ ಕೇಳುತ್ತಿತ್ತು. 2022ರಿಂದ ಅದನ್ನು 1,000 ಗಂಟೆಗೆ ಇಳಿಸಿದೆ. ಲಿಖಿತ ಪರೀಕ್ಷೆಯನ್ನು ಇಂಗ್ಲಿಷ್ ಮಾತ್ರವಲ್ಲದೆ ಸ್ಪ್ಯಾನಿಷ್, ವಿಯೆಟ್ನಾಮೀಸ್, ಕೊರಿಯನ್ ಭಾಷೆಗಳಲ್ಲೂ ಬರೆಯಬಹುದು. ಕೈಯಲ್ಲಿ ಕಸುಬಿದ್ದೂ ಬಾಯಲ್ಲಿ ಇಂಗ್ಲಿಷ್ ಇಲ್ಲದ ಹೆಣ್ಣುಮಕ್ಕಳು ಎಷ್ಟೋ ಮಂದಿ ಈ ಒಂದು ಅನುಕೂಲದಿಂದಲೇ ಅನ್ನ ಕಂಡುಕೊಂಡಿದ್ದಾರೆ. ತಾಯಿನುಡಿಯಲ್ಲಿ ಪರೀಕ್ಷೆ ಏಕೆ ಎಂದು ನಮ್ಮಲ್ಲಿ ಕೇಳುವವರು ಇದನ್ನು ನೋಡಬೇಕು.

ಮ್ಯಾಜಿಕ್ ಎಂಬ ರಸಾಯನ

ಹುಡುಗಿಗೆ ಬೇಕಿದ್ದುದನ್ನು ಅಲ್ಲಿ 'ಮ್ಯಾಜಿಕ್' ಎನ್ನುತ್ತಾರೆ. ಜಪಾನಿನಲ್ಲಿ 1990ರ ದಶಕದಲ್ಲಿ ಬಳಕೆಗೆ ಬಂದು ಕೊರಿಯಾದಲ್ಲಿ ಮನೆಮಾತಾದ, ಕೂದಲನ್ನು ಕಾಯಂ ಆಗಿ ನೆಟ್ಟಗೆ ಮಾಡುವ ವಿಧಾನ. ಹೆಸರು ಮ್ಯಾಜಿಕ್ ಆದರೂ ಒಳಗಿರುವುದು ಪಿ.ಯು.ಸಿ. ರಸಾಯನಶಾಸ್ತ್ರ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಹುರಿ. ಈ ಪ್ರೋಟೀನಿನಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲ ಹೇರಳ. ಅಕ್ಕಪಕ್ಕದ ಎಳೆಗಳಲ್ಲಿರುವ ಎರಡು ಸಿಸ್ಟೀನ್‌ಗಳ ಗಂಧಕ ಪರಮಾಣುಗಳು ಕೈಕೈ ಹಿಡಿದು ಏಣಿಯ ಮೆಟ್ಟಿಲಿನಂಥ ಬಂಧವನ್ನು ಕಟ್ಟುತ್ತವೆ. ಕೂದಲಿಗೆ ಬಿಗಿ, ಆಕಾರ ಬರುವುದು ಇದರಿಂದ. ಸ್ನಾನದ ನೀರಿಗೆ ಈ ಬಂಧ ಜಗ್ಗುವುದಿಲ್ಲ. ಒದ್ದೆಯಾದಾಗ ನೆಟ್ಟಗಾದ ಗುಂಗುರು ಒಣಗಿದ ಮೇಲೆ ಮತ್ತೆ ಸುರುಳಿಯಾಗುವುದು ಇದಕ್ಕೇ. ಆದರೆ ಥಯೋಗ್ಲೈಕಾಲಿಕ್ ಆಮ್ಲದ ಲವಣ ಬೆರೆತ ದ್ರಾವಣ ಹಚ್ಚಿದರೆ ಗಂಧಕದ ಕೈಗಳು ಬಿಟ್ಟುಹೋಗುತ್ತವೆ. ಆಗ ದ್ರಾವಣ ತೊಳೆದು, ಒಣಗಿಸಿ, ಕಾದ ಇಸ್ತ್ರಿಪಟ್ಟಿಯಿಂದ ಎಳೆ ಎಳೆಯಾಗಿ ನೆಟ್ಟಗೆ ಎಳೆಯುತ್ತಾರೆ. ನಂತರ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದರೆ ಗಂಧಕಗಳು ಮತ್ತೆ ಕೈ ಹಿಡಿಯುತ್ತವೆ. ಆದರೆ ಹಳೆಯ ಜೊತೆಗಾರನನ್ನಲ್ಲ, ಈಗ ಎದುರಿಗೆ ಸಿಕ್ಕವನನ್ನು. ಕೂದಲು ನೆಟ್ಟಗೇ ಉಳಿಯುತ್ತದೆ. ಸುರುಳಿ ಬೇಕಾದವರಿಗೂ ಇದೇ ಲೆಕ್ಕ. ಇಸ್ತ್ರಿಯ ಬದಲು ತಂತಿ ಜೋಡಿಸಿ ಕಾಯಿಸುವ ಕೊಳವೆಗಳಿಗೆ ಕೂದಲನ್ನು ಸುತ್ತುತ್ತಾರೆ. ಶಾಖವನ್ನು ಅಂಕಿಯಲ್ಲಿ ತೋರಿಸುವ ಯಂತ್ರವಿರುವುದರಿಂದ ಅದಕ್ಕೆ 'ಡಿಜಿಟಲ್ ಪರ್ಮ್' ಎಂದು ಹೆಸರು.

ಇದಕ್ಕೆಲ್ಲ ಮೂಲಪುರುಷ ಜರ್ಮನಿಯ ಕಾರ್ಲ್ ನೆಸ್ಲರ್. 1900ರ ದಶಕದಲ್ಲಿ ಬಿಸಿ ಸರಳುಗಳಿಂದ ಕೂದಲನ್ನು ಸುರುಳಿ ಮಾಡುವ ಪ್ರಯೋಗವನ್ನು ತನ್ನ ಹೆಂಡತಿಯ ತಲೆಯ ಮೇಲೇ ಮಾಡಿ, ಮೊದಲೆರಡು ಸಲ ಕೂದಲನ್ನು ಸುಟ್ಟುಹಾಕಿದನಂತೆ. ಆಕೆ ಮೂರನೆಯ ಸಲವೂ ಕುಳಿತಳು ಎನ್ನುವುದು ಸೋಜಿಗ.

ಕೊರಿಯನ್ ಅಂಗಡಿಗಳಿಗೆ ಅಲ್ಲಿಯ ಏಷ್ಯಾದ ವಿದ್ಯಾರ್ಥಿಗಳೆಲ್ಲ ಹೋಗುವುದಕ್ಕೂ ಕಾರಣವಿದೆ. ಪೂರ್ವ ಏಷ್ಯಾದವರ ಕೂದಲು ದಪ್ಪ, ನೇರ, ಅಡ್ಡಕ್ಕೆ ಕತ್ತರಿಸಿ ನೋಡಿದರೆ ಹೆಚ್ಚುಕಡಿಮೆ ದುಂಡು. ಇ.ಡಿ.ಎ.ಆರ್. ಎಂಬ ವಂಶವಾಹಿಯ ಒಂದು ರೂಪ ಅವರಲ್ಲಿ ವ್ಯಾಪಕವಾಗಿರುವುದು ಇದಕ್ಕೊಂದು ಕಾರಣವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಗಂಡಸರ ಕಿವಿಯ ಮೇಲಿನ ಕೂದಲಂತೂ ಮುಳ್ಳುಹಂದಿಯಂತೆ ಅಡ್ಡಡ್ಡ ನಿಲ್ಲುತ್ತದೆ; ಅದನ್ನು ತಲೆಗೆ ಅಂಟಿ ಮಲಗಿಸಲೆಂದೇ 'ಡೌನ್ ಪರ್ಮ್' ಎಂಬ ಚಿಕಿತ್ಸೆ ಇದೆ. ಬಿಳಿಯರ ತೆಳು ಕೂದಲಿಗೆ ಪಳಗಿದ ಕೈಗೆ ಇದು ಒಗ್ಗುವುದಿಲ್ಲ. ನಮ್ಮವರ ಕೂದಲು ಎರಡರ ನಡುವಿನದು, ಊರಿಗೊಂದು ತರಹ. ಕೊರಿಯನ್ನರಿಗೂ ಅದು ಅಷ್ಟು ಪರಿಚಿತವಲ್ಲ.

ಆದ್ದರಿಂದಲೇ ಆ ಕೇಶ ವಿನ್ಯಾಸಕಿ ಹುಡುಗಿಯ ಜಡೆ ಬಿಚ್ಚಿದವಳು ಐದು ನಿಮಿಷ ಮಾತೇ ಆಡಲಿಲ್ಲ. ಒಂದೊಂದೇ ಎಳೆಯನ್ನು ಬೆಳಕಿಗೆ ಹಿಡಿದಳು. ಬುಡದ ಹತ್ತಿರ ಕಪ್ಪು, ಕೆಳಗೆ ಕೆಂಪು ಛಾಯೆ. ಬಣ್ಣ ಹಾಕಿಸಿದ್ದೀಯಾ ಎಂದು ಅರ್ಧ ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಎಂದಳು ಹುಡುಗಿ, ಪ್ರಾಮಾಣಿಕವಾಗಿಯೇ. ಮೆಹಂದಿಯನ್ನು ನಮ್ಮಲ್ಲಿ ಯಾರು ಬಣ್ಣವೆಂದು ಲೆಕ್ಕ ಹಾಕುತ್ತಾರೆ? ವಿನ್ಯಾಸಕಿ ಫೋನಿನ ಅನುವಾದ ಯಂತ್ರ ತೆಗೆದಳು. ಅದು ಏನೇನೋ ಹೇಳಿತು. ಕೊನೆಗೆ ಆಕೆಯೇ ಅನುಮಾನದಿಂದ, "ಹೆನಾ?" ಎಂದಳು.

ಆ ಒಂದು ಪದ ಇಬ್ಬರಿಗೂ ಗೊತ್ತಿತ್ತು. ಹುಡುಗಿ ಹೌದೆಂದು ತಲೆಯಾಡಿಸಿದಳು. ತುಮಕೂರಿನ ಅಂಗಡಿಯ ಪೊಟ್ಟಣ, ಅಮ್ಮನ ಕೈಯಿಂದ, ತಿಂಗಳಿಗೊಮ್ಮೆ, ಆರು ವರ್ಷ. ವಿನ್ಯಾಸಕಿ ಮುಂಗೈಗಳನ್ನು ಅಡ್ಡಕ್ಕಿಟ್ಟು ಗುಣಾಕಾರದ ಗುರುತು ಮಾಡಿದಳು. ಮ್ಯಾಜಿಕ್ ಆಗುವುದಿಲ್ಲ.

ಆಕೆ ಹೇಳಿದ್ದು ಸರಿಯಾದ ಮಾತು. ಅಪ್ಪಟ ಮೆಹಂದಿಯ ಬಣ್ಣ ಕೆರಾಟಿನ್‌ಗೆ ಬಲವಾಗಿ ಕಚ್ಚಿಕೊಂಡಿರುತ್ತದೆ. ದ್ರಾವಣ ಒಂದೆಡೆ ಇಳಿದು ಇನ್ನೊಂದೆಡೆ ಇಳಿಯದೆ ಕೂದಲು ಅರೆನೆಟ್ಟಗೆ ಅರೆಗುಂಗುರಾಗುತ್ತದೆ. ಪೊಟ್ಟಣದ ಮೆಹಂದಿಯಲ್ಲಿ ಬಣ್ಣ ಗಾಢವಾಗಲೆಂದು ಲೋಹದ ಲವಣ ಬೆರೆಸಿದ್ದರೆ ಅಪಾಯ ಇನ್ನೂ ಹೆಚ್ಚು. ಅದು ಪೆರಾಕ್ಸೈಡಿನ ಜೊತೆ ಸೇರಿದಾಗ ಬಿಸಿಯೇರಿ ಕೂದಲು ತುಂಡುತುಂಡಾಗಿ ಉದುರಬಹುದು. 'ಕಪ್ಪು ಮೆಹಂದಿ' ಎಂದು ಮಾರುವುದರಲ್ಲಿ ಎಷ್ಟೋ ಸಲ ಪಿ.ಪಿ.ಡಿ. ಎಂಬ ರಾಸಾಯನಿಕವಿರುತ್ತದೆ, ಕೆಲವರ ಚರ್ಮಕ್ಕೆ ಅದು ಸೇರದೆ ಬೊಬ್ಬೆ ಏಳುತ್ತವೆ. ಕೂದಲಿಗೆ ಬಣ್ಣ ಹಾಕಿಸುವ 48 ಗಂಟೆ ಮೊದಲು ಚರ್ಮದ ಮೇಲೆ ಒಂದು ಚುಕ್ಕೆ ಹಚ್ಚಿ ನೋಡಬೇಕೆನ್ನುವುದು ಇದೇ ಕಾರಣಕ್ಕೆ. ಮಕ್ಕಳ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಯ ಜೊತೆ ಮೆಹಂದಿಯ ಪೊಟ್ಟಣವನ್ನೂ ಇಟ್ಟು ಕಳಿಸುವ ತಾಯಂದಿರು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದುವುದು ಒಳ್ಳೆಯದು. ಮಕ್ಕಳೂ ಅಷ್ಟೇ, ಯಾವ ದೇಶದ ಅಂಗಡಿಯಾದರೂ ಸರಿ, ತಲೆಗೆ ಹಿಂದೆ ಏನೇನು ಹಚ್ಚಿದ್ದೆವೆಂದು ಮೊದಲೇ ಹೇಳಿಬಿಡಬೇಕು.

200 ಡಾಲರಿನ ಗಿರಾಕಿಯನ್ನು ಆ ಹೆಂಗಸು ಬೇಡವೆಂದಳು. ಹುಡುಗಿಯ ಕಣ್ಣಲ್ಲಿ ನೀರು ಬಂದವು.

ತಲೆಯೋ ಕೂದಲೋ

ಕೂದಲು ತಂದೆತಾಯಿ ಕೊಟ್ಟದ್ದು ಎಂಬ ಭಾವನೆ ಕೊರಿಯನ್ನರಿಗೆ ಹೊಸದಲ್ಲ. ಕನ್‌ಫ್ಯೂಷಿಯಸ್ ಪರಂಪರೆಯ ಪಿತೃಭಕ್ತಿಯ ಗ್ರಂಥದಲ್ಲಿ ದೇಹ, ಕೂದಲು, ಚರ್ಮ ಇವೆಲ್ಲ ಹೆತ್ತವರಿಂದ ಬಂದವು, ಅವಕ್ಕೆ ಊನ ಮಾಡದಿರುವುದೇ ಭಕ್ತಿಯ ಮೊದಲ ಮೆಟ್ಟಿಲು ಎಂಬ ವಿಚಾರವಿದೆ. ಚೋಸನ್ ರಾಜ್ಯದಲ್ಲಿ ಮದುವೆಯಾಗುವ ತನಕ ಗಂಡುಹುಡುಗರೂ ಜಡೆ ಹಾಕುತ್ತಿದ್ದರು. ಮದುವೆಯಾದಾಗ ಅದನ್ನು ಎತ್ತಿ ನೆತ್ತಿಯ ಮೇಲೆ 'ಸಾಂಗ್ತು' ಎಂಬ ಗಂಟು ಕಟ್ಟುತ್ತಿದ್ದರು. ನಮ್ಮಲ್ಲಿ ಮಗುವಿಗೆ ಚೌಲ ಮಾಡಿ ಕೂದಲು ತೆಗೆಸಿ ಸಂಭ್ರಮಿಸಿದರೆ, ಅಲ್ಲಿ ತೆಗೆಯದೆ ಸಂಭ್ರಮಿಸುತ್ತಿದ್ದರು.

1895ರ ಕೊನೆಯಲ್ಲಿ, ಜಪಾನೀಯರ ಒತ್ತಡದಲ್ಲಿದ್ದ ಸರ್ಕಾರ ಸಾಂಗ್ತು ಕತ್ತರಿಸಬೇಕೆಂದು ಆಜ್ಞೆ ಹೊರಡಿಸಿತು. ದೊರೆ ಗೋಜೊಂಗ್ ಮೊದಲು ತನ್ನ ಕೂದಲನ್ನೇ ತೆಗೆಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜಪಾನೀಯರು ರಾಣಿಯನ್ನು ಅರಮನೆಯಲ್ಲೇ ಕೊಂದಿದ್ದರು. ಜನರ ಎದೆ ಮೊದಲೇ ಕುದಿಯುತ್ತಿತ್ತು. ಅಧಿಕಾರಿಗಳು ಕತ್ತರಿ ಹಿಡಿದು ಬೀದಿಯಲ್ಲಿ ಸಿಕ್ಕಸಿಕ್ಕವರ ಗಂಟು ಕತ್ತರಿಸತೊಡಗಿದಾಗ ದಂಗೆ ಎದ್ದಿತು. ಚೋಯೆ ಇಕ್‌ಹ್ಯೊನ್ ಎಂಬ ವಿದ್ವಾಂಸ ತನ್ನ ತಲೆಯನ್ನಾದರೂ ಕೊಟ್ಟೇನು, ಕೂದಲನ್ನು ಕೊಡಲಾರೆ ಎಂದು ಹಟ ಹಿಡಿದ. 1896ರ ಫೆಬ್ರುವರಿಯಲ್ಲಿ ದೊರೆ ರಷ್ಯದ ದೂತಾವಾಸದಲ್ಲಿ ಆಶ್ರಯ ಪಡೆದ ಮೇಲೆ ಆಜ್ಞೆ ಸಡಿಲವಾಯಿತು.

ಅಂಥ ದೇಶ ಎಪ್ಪತ್ತು ವರ್ಷಗಳಲ್ಲಿ ಕೂದಲು ಮಾರಿ ಬದುಕಬೇಕಾಯಿತು. ಯುದ್ಧದಿಂದ ನುಚ್ಚುನೂರಾಗಿದ್ದ ದಕ್ಷಿಣ ಕೊರಿಯಾಕ್ಕೆ 1960ರ ದಶಕದಲ್ಲಿ ಡಾಲರ್ ತಂದ ಸರಕುಗಳಲ್ಲಿ ಟೋಪನ್ ಮುಖ್ಯವಾದದ್ದು. ಕಮ್ಯುನಿಸ್ಟ್ ಚೀನಾದ ಕೂದಲಿನಿಂದ ಮಾಡಿದ ಟೋಪನ್‌ಗಳನ್ನು ಅಮೆರಿಕ ಆ ದಶಕದ ನಡುವೆ ನಿಷೇಧಿಸಿದ್ದರಿಂದ ಕೊರಿಯಾದ ಕಾರ್ಖಾನೆಗಳಿಗೆ ಶುಕ್ರದೆಸೆ ಬಂತು. ವ್ಯಾಪಾರಿಗಳು ಹಳ್ಳಿಹಳ್ಳಿ ತಿರುಗಿ ಹೆಂಗಸರ ಜಡೆ ಕೊಂಡರು. ತಮ್ಮನ ಶಾಲೆಯ ಫೀಸಿಗಾಗಿ ಓದು ಬಿಟ್ಟು ಬಂದ ಹುಡುಗಿಯರು ಕಾರ್ಖಾನೆಗಳಲ್ಲಿ ಕೂದಲೆಳೆ ಪೋಣಿಸಿದರು. 1979ರ ಆಗಸ್ಟಿನಲ್ಲಿ ವೈ.ಎಚ್. ಎಂಬ ಟೋಪನ್ ಕಂಪನಿ ಬಾಗಿಲು ಮುಚ್ಚಿದಾಗ ನೂರೈವತ್ತಕ್ಕೂ ಹೆಚ್ಚು ಕಾರ್ಮಿಕ ಹೆಣ್ಣುಮಕ್ಕಳು ಸಿಯೋಲ್‌ನಲ್ಲಿ ವಿರೋಧ ಪಕ್ಷದ ಕಚೇರಿಯಲ್ಲಿ ಧರಣಿ ಕುಳಿತರು. ಪೊಲೀಸರು ನುಗ್ಗಿದ ರಾತ್ರಿ ಕಿಮ್ ಕ್ಯೊಂಗ್‌ಸುಕ್ ಎಂಬ ಯುವತಿ ಸತ್ತಳು. ಅಲ್ಲಿಂದ ಹೊತ್ತಿಕೊಂಡ ರಾಜಕೀಯ ಬೆಂಕಿ ಎರಡು ತಿಂಗಳಲ್ಲಿ ದೇಶವನ್ನೇ ಅಲ್ಲಾಡಿಸಿತು. ಅಕ್ಟೋಬರ್ 26ರಂದು ಅಧ್ಯಕ್ಷ ಪಾರ್ಕ್ ಚುಂಗ್ ಹೀ ತನ್ನ ಗುಪ್ತಚರ ಮುಖ್ಯಸ್ಥನ ಗುಂಡಿಗೆ ಬಲಿಯಾದ. ಇದೇ ಪಾರ್ಕ್ ಕಾಲದಲ್ಲಿ ಪೊಲೀಸರು ಉದ್ದ ಕೂದಲು ಬಿಟ್ಟ ಗಂಡಸರನ್ನು ರಸ್ತೆಯಲ್ಲೇ ನಿಲ್ಲಿಸಿ ಕತ್ತರಿಸುತ್ತಿದ್ದರು. ಶಾಲಾ ಮಕ್ಕಳ ತಲೆಗೂ ಇಂತಿಷ್ಟೇ ಉದ್ದವೆಂಬ ಅಳತೆ ಇತ್ತು. 1982ರಲ್ಲಿ ಸರ್ಕಾರ ಅದನ್ನು ಕೈಬಿಟ್ಟರೂ ಶಾಲೆಗಳು ಎಷ್ಟೋ ವರ್ಷ ಬಿಡಲಿಲ್ಲ.

ಕೊರಿಯಾ ಸಿರಿವಂತವಾದ ಮೇಲೆ ಆ ಕೆಲಸ ಬೇರೆಯವರ ಪಾಲಿಗೆ ಬಂತು. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂದು ಮನೆಮನೆಗಳಲ್ಲಿ ಹೆಂಗಸರು ಕುಳಿತು ಬಾಚಣಿಗೆಯಿಂದ ಉದುರಿದ ಕೂದಲಿನ ಸಿಕ್ಕು ಬಿಡಿಸುತ್ತಾರೆ. ಹಳ್ಳಿಗಳಲ್ಲಿ ಪಿನ್ನು, ಬಲೂನು, ಪಾತ್ರೆ ಕೊಟ್ಟು ಕೊಂಡ ಕೂದಲು ಅಲ್ಲಿ ಅಳತೆವಾರು ಕಟ್ಟಾಗಿ ಹೊರದೇಶಕ್ಕೆ ಹೋಗುತ್ತದೆ.

ತುಮಕೂರಿನ ಹುಡುಗಿಯ ಕೂದಲಿನ ಕತೆ ಅಂದು ಕತ್ತರಿಯಲ್ಲೇ ಮುಗಿಯಿತು. ವಿನ್ಯಾಸಕಿ ಬೆರಳಿನಿಂದ ಅಳೆದು ತೋರಿಸಿದಳು: ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಮೆಹಂದಿ ಹಚ್ಚದೆ ಕಾಯಬೇಕು, ಹಳೆಯದು ಕತ್ತರಿಸಿ ಹೋಗಬೇಕು, ಆಮೇಲೆ ಬಾ. ಸದ್ಯಕ್ಕೆ ಗುಂಗುರಿಗೆ ಒಪ್ಪುವಂತೆ ಪದರ ಪದರವಾಗಿ ಕತ್ತರಿಸುತ್ತೇನೆ, ಭಾರ ಕಡಿಮೆಯಾದರೆ ಸಿಕ್ಕೂ ಕಡಿಮೆ. ಹುಡುಗಿ ಹೂಂ ಎಂದಳು.

ಮುಕ್ಕಾಲು ಗಂಟೆ ಕತ್ತರಿ ಓಡಿತು. ಆಮೇಲೆ ಸ್ನಾನ. ಕತ್ತರಿಸಿದ ಮೇಲೆ ತಲೆ ತೊಳೆಯುವುದು ಅಲ್ಲಿಯ ಪದ್ಧತಿ. ಮಲಗುವಂಥ ಕುರ್ಚಿಯಲ್ಲಿ ಹಿಂದಕ್ಕೆ ಒರಗಿಸಿ, ನೀರು ಸಿಡಿಯದಂತೆ ಮುಖದ ಮೇಲೆ ತೆಳು ಬಟ್ಟೆ ಹಾಕಿ, ಸಹಾಯಕಿಯೊಬ್ಬಳು ಬೆರಳ ತುದಿಗಳಿಂದ ನೆತ್ತಿ, ಕಿವಿಯ ಹಿಂದೆ, ಕತ್ತಿನ ಬುಡ ಎಲ್ಲ ತಿಕ್ಕಿದಳು. ಎಂಟು ತಿಂಗಳಿಂದ ಇನ್ನೊಬ್ಬರ ಕೈ ತಲೆಯ ಮೇಲೆ ಬಿದ್ದಿರದ ಹುಡುಗಿ ಬಟ್ಟೆಯ ಕೆಳಗೆ ಸುಮ್ಮನೆ ಕಣ್ಣು ಮುಚ್ಚಿದಳು. ಅತ್ತದ್ದು ಯಾರಿಗೂ ಕಾಣಲಿಲ್ಲ.

ಬಿಲ್ಲು 45 ಡಾಲರ್. ಕೊರಿಯಾದಲ್ಲಾದರೆ ಅಷ್ಟೇ ಕೊಟ್ಟು ಬರಬಹುದು, ಅಲ್ಲಿ ಟಿಪ್ಸ್ ಕೊಡುವ ವಾಡಿಕೆಯಿಲ್ಲ. ಆದರೆ ಇದು ಅಮೆರಿಕ. ನೂರಕ್ಕೆ ಹದಿನೈದರಿಂದ ಇಪ್ಪತ್ತು ಕೊಡದಿದ್ದರೆ ಅವಮಾನ ಮಾಡಿದಂತೆ. ಹುಡುಗಿ ಒಂಬತ್ತು ಡಾಲರ್ ಸೇರಿಸಿದಳು. ಉಳಿದ ದುಡ್ಡನ್ನು ಮತ್ತೆ ಚೀಲದ ಒಳಖಾನೆಗೆ ಹಾಕಿಕೊಂಡಳು.

ಬಸ್‌ಸ್ಟಾಪಿನಿಂದಲೇ ವಿಡಿಯೋ ಕರೆ ಮಾಡಿದಳು. ತುಮಕೂರಿನಲ್ಲಿ ಬೆಳಗಿನ ಐದೂವರೆ. ಅಮ್ಮ ಎದ್ದು ಹಾಲಿಗೆ ಕಾಯುತ್ತಿದ್ದರು.

"ಎಲ್ಲಿ, ತಿರುಗು. ಎಷ್ಟು ತೆಗೆದ್ರು?"

"ಒಂದು ಗೇಣು ಅಷ್ಟೇ ಅಮ್ಮ."

ಅಮ್ಮ ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗೇ ಇದೆ ಬಿಡು. ಅದ್ಸರಿ, ಇವತ್ತು ಯಾವ ವಾರ ಅಲ್ಲಿ?"

ಹುಡುಗಿಗೆ ಆಗ ಹೊಳೆಯಿತು. "ಮಂಗಳವಾರ."

"ಮಂಗಳವಾರ ಕೂದಲು ತೆಗೆಸ್ತಾರೇನೇ?"

"ಊರಲ್ಲಿ ಬುಧವಾರ ಆಗಿದೆಯಲ್ಲಮ್ಮ" ಎಂದಳು ಹುಡುಗಿ, ಬಸ್ಸು ಹತ್ತುತ್ತಾ.